ಮೂರು ಗಂಟೆಗೇ ಕತ್ತಲು: ಇಬ್ಬರ ಚಳಿಗಾಲದ ವಾರಾಂತ್ಯಕ್ಕೆ ಕೋಪನ್‌ಹೇಗನ್, ಸ್ಟಾಕ್‌ಹೋಮ್, ಓಸ್ಲೊ ಇವುಗಳಲ್ಲಿ ಯಾವುದು?

ಮೊದಲು ಬೆಳಕಿನ ಲೆಕ್ಕ. ಡಿಸೆಂಬರ್ ಮೂರನೆಯ ವಾರದಲ್ಲಿ ಸ್ಟಾಕ್‌ಹೋಮ್‌ನ ಸೂರ್ಯ ಬೆಳಿಗ್ಗೆ ಸುಮಾರು 8:40ಕ್ಕೆ ಎದ್ದು ಮಧ್ಯಾಹ್ನ 2:50ಕ್ಕೆಲ್ಲ ಮನೆಗೆ ಹೋಗುತ್ತಾನೆ. ಓಸ್ಲೊದಲ್ಲಿ 9:15ರಿಂದ 3:10ರವರೆಗೆ. ಮೂರರಲ್ಲಿ ದಕ್ಷಿಣಕ್ಕಿರುವ ಕೋಪನ್‌ಹೇಗನ್ ಸ್ವಲ್ಪ ಉದಾರಿ, 8:35ರಿಂದ 3:40ರವರೆಗೆ. ಶುಕ್ರವಾರ ಸಂಜೆ ಇಳಿದು ಭಾನುವಾರ ಸಂಜೆ ವಿಮಾನ ಹತ್ತುವವರ ಪಾಲಿಗೆ ಬರುವ ಬೆಳಕು ಒಟ್ಟು ಹನ್ನೆರಡರಿಂದ ಹದಿನಾಲ್ಕು ಗಂಟೆ. ಅದರಲ್ಲಿ ಒಂದಷ್ಟು ಹೋಟೆಲಿನ ತಿಂಡಿಗೆ, ಒಂದಷ್ಟು ಬೂಟು ಕೋಟು ಹಾಕಿಕೊಳ್ಳುವುದಕ್ಕೆ ಕಳೆಯಿರಿ. ಉಳಿದದ್ದಕ್ಕೂ ಬಹುತೇಕ ಮೋಡ ಮುಚ್ಚಿರುತ್ತದೆ.

ಹೀಗಿರುವಾಗ 'ನೋಡಲೇಬೇಕಾದ ಹತ್ತು ಸ್ಥಳಗಳು' ಎಂಬ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ಊರು ಆರಿಸುವುದರಲ್ಲಿ ಹುರುಳಿಲ್ಲ. ಆ ಪಟ್ಟಿಗಳು ಜೂನ್ ತಿಂಗಳಿಗಾಗಿ ಹುಟ್ಟಿದವು. ಚಳಿಗಾಲದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಮೂರೂವರೆಗೆ ಕತ್ತಲಾದ ಮೇಲೆ ರಾತ್ರಿ ಹತ್ತರವರೆಗೆ ಈ ಊರು ನಮ್ಮಿಬ್ಬರನ್ನು ಏನು ಮಾಡುತ್ತದೆ?

ನಾನು ಶಿರಸಿಯ ಕಡೆಯವಳು. ಮಳೆಗಾಲದಲ್ಲಿ ವಾರಗಟ್ಟಲೆ ಸೂರ್ಯನ ಮುಖ ನೋಡದೆ ಬೆಳೆದವಳು. ಗಂಡ ಬಳ್ಳಾರಿಯವನು, ಇಪ್ಪತ್ತು ಡಿಗ್ರಿಗೇ ಸ್ವೆಟರ್ ಹುಡುಕುವ ಪ್ರಾಣಿ. ಕೆಲಸಕ್ಕಾಗಿ ನೆದರ್‌ಲ್ಯಾಂಡ್ಸ್‌ನಲ್ಲಿರುವ ನಾವು ಮೂರು ಚಳಿಗಾಲಗಳಲ್ಲಿ ಈ ಮೂರು ರಾಜಧಾನಿಗಳಿಗೆ ಹೋಗಿಬಂದಿದ್ದೇವೆ. ಮೂರೂ ಸಲ ಜಗಳವಾಡಿಯೇ ಊರು ಆರಿಸಿದ್ದೇವೆ. ಆ ಜಗಳಗಳ ಸಾರ ಈ ಬರಹ.

ಊರಿಗಿಂತ ಮೊದಲು ದಿನಾಂಕ

ಡೆನ್ಮಾರ್ಕ್, ಸ್ವೀಡನ್, ನಾರ್ವೆ ಮೂರರಲ್ಲೂ ಹಬ್ಬದ ದೊಡ್ಡ ದಿನ ಡಿಸೆಂಬರ್ 25 ಅಲ್ಲ, 24ರ ಸಂಜೆ. ಅಂದು ಮಧ್ಯಾಹ್ನದಿಂದಲೇ ಅಂಗಡಿ, ಹೋಟೆಲುಗಳು ಬಾಗಿಲು ಎಳೆದುಕೊಳ್ಳುತ್ತವೆ. 25, 26 ಎರಡೂ ರಜೆ. ಹಬ್ಬ ನಡೆಯುವುದು ಮನೆಗಳ ಒಳಗೆ. ಬೀದಿ ಗ್ರಹಣ ಹಿಡಿದ ಹೊತ್ತಿನ ರಥಬೀದಿಯಂತೆ ಬಿಕೋ ಎನ್ನುತ್ತಿರುತ್ತದೆ. ಕ್ರಿಸ್‌ಮಸ್ ರಜೆ ಸಿಕ್ಕಿತೆಂದು ಅದೇ ಮೂರು ದಿನಕ್ಕೆ ಟಿಕೆಟ್ ಮಾಡುವ ನಮ್ಮವರು ಹೋಟೆಲ್ ಕೋಣೆಯಲ್ಲಿ ಕುಳಿತು ಬ್ರೆಡ್ಡು ತಿಂದು ಬರುತ್ತಾರೆ. ದೀಪ, ಸಂತೆ, ಗಿಜಿಗಿಜಿ ಬೇಕಿದ್ದರೆ ನವೆಂಬರ್ ಕೊನೆಯಿಂದ ಡಿಸೆಂಬರ್ 20ರ ಒಳಗಿನ ವಾರಾಂತ್ಯವನ್ನು ಹಿಡಿಯಿರಿ.

ಹಿಮವೇ ಮುಖ್ಯವಾದರೆ ಡಿಸೆಂಬರನ್ನು ಮರೆತು ಫೆಬ್ರವರಿಗೆ ಹೋಗಿ. ತಿಂಗಳ ನಡುವಿನ ಹೊತ್ತಿಗೆ ಒಂಬತ್ತು ಗಂಟೆಗೂ ಹೆಚ್ಚು ಬೆಳಕಿರುತ್ತದೆ, ಓಸ್ಲೊದ ಬೆಟ್ಟಗಳಲ್ಲಿ ಹಿಮವೂ ಗಟ್ಟಿಯಾಗಿ ಕೂತಿರುತ್ತದೆ. ಹಬ್ಬದ ದೀಪಗಳು ಮಾತ್ರ ಇರುವುದಿಲ್ಲ. ಎರಡೂ ಒಟ್ಟಿಗೆ ಬೇಕೆನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ.

ಕೋಪನ್‌ಹೇಗನ್: ಸಂಜೆಯನ್ನು ವೃತ್ತಿ ಮಾಡಿಕೊಂಡ ಊರು

ಮೊದಲ ಸಲ ಹೋಗುವವರಿಗೆ ನನ್ನ ಓಟು ಇದಕ್ಕೆ. ಮುಖ್ಯ ಕಾರಣ ವಿಮಾನ ನಿಲ್ದಾಣ ಎಂದರೆ ನಗಬೇಡಿ. ಕಾಸ್ಟ್ರಪ್ ನಿಲ್ದಾಣದೊಳಗಿಂದಲೇ ಮೆಟ್ರೊ ಹೊರಡುತ್ತದೆ. ಹದಿನೈದು ನಿಮಿಷದ ಆಸುಪಾಸಿನಲ್ಲಿ ಊರ ನಡುವಿನ ಕೊಂಗೆನ್ಸ್ ನ್ಯುಟೊರ್ ಚೌಕ. ಮೆಟ್ರೊ ಇಪ್ಪತ್ತನಾಲ್ಕು ಗಂಟೆಯೂ ಓಡುತ್ತದೆ. ಶುಕ್ರವಾರ ರಾತ್ರಿ ಏಳೂವರೆಗೆ ಇಳಿದವರು ಒಂಬತ್ತರೊಳಗೆ ನ್ಯುಹಾವ್ನ್ ಕಾಲುವೆಯ ದಡದಲ್ಲಿ ಗ್ಲೊಗ್ ಎಂಬ ಮಸಾಲೆ ಹಾಕಿದ ಬಿಸಿ ವೈನ್ ಹಿಡಿದು ನಿಂತಿರಬಹುದು. ಎರಡು ದಿನದ ಪ್ರವಾಸದಲ್ಲಿ ಹೀಗೆ ಮೊದಲ ಸಂಜೆ ಉಳಿಯಿತೆಂದರೆ ಮೂರನೆಯ ಒಂದು ಭಾಗ ಉಳಿದಂತೆ.

ಎರಡನೆಯ ಕಾರಣ ತಿವೊಲಿ. 1843ರಲ್ಲಿ ತೆರೆದ ಈ ವಿಹಾರೋದ್ಯಾನ ಮುಖ್ಯ ರೈಲು ನಿಲ್ದಾಣದ ಎದುರಿಗೇ ಇದೆ. ನವೆಂಬರ್ ನಡುವಿನಿಂದ ಜನವರಿ ಮೊದಲ ವಾರದವರೆಗೆ ಅದು ಕ್ರಿಸ್‌ಮಸ್ ಊರಾಗಿ ಮಾರ್ಪಡುತ್ತದೆ. ಮಕ್ಕಳ ಜಾಗ, ಗಂಡ ಹೆಂಡತಿಗೆ ಇಲ್ಲೇನು ಕೆಲಸ ಎಂದು ನಾನೂ ಮೂಗು ಮುರಿದಿದ್ದೆ. ಒಳಗೆ ಹೋದ ಮೇಲೆ ಗೊತ್ತಾಯಿತು, ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜೋಡಿಗಳು. ಎಪ್ಪತ್ತು ದಾಟಿದವರೂ ಕೈ ಹಿಡಿದು ನಡೆಯುತ್ತಿದ್ದರು. ಇಡೀ ತೋಟದಲ್ಲಿ ಕಣ್ಣು ಕುಕ್ಕುವ ಬಿಳಿ ದೀಪ ಎಲ್ಲೂ ಕಾಣಲಿಲ್ಲ. ಎಲ್ಲವೂ ಎಣ್ಣೆದೀಪದ ಬಣ್ಣದವು. 1914ರ ಮರದ ರೋಲರ್ ಕೋಸ್ಟರ್ ಒಂದಿದೆ. ಅದರ ಬಂಡಿಯಲ್ಲೇ ಬ್ರೇಕ್ ಹಾಕುವ ಮನುಷ್ಯ ಕೂತಿರುತ್ತಾನೆ, ಎತ್ತಿನ ಬಂಡಿ ಹೊಡೆಯುವವನ ಗಾಂಭೀರ್ಯದಲ್ಲಿ. ಪ್ರವೇಶದ ಟಿಕೆಟ್ಟಿನಲ್ಲಿ ಆಟಗಳು ಸೇರಿರುವುದಿಲ್ಲ ಎಂಬುದು ನೆನಪಿರಲಿ. ಆಟ ಆಡದಿದ್ದರೂ ನಷ್ಟವೇನಿಲ್ಲ.

ಅಲ್ಲಿನ ಗೂಡಂಗಡಿಯೊಂದರಲ್ಲಿ ಎಬ್ಲಸ್ಕೀವರ್ ಎಂಬ ತಿಂಡಿ ಮಾಡುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ನಮ್ಮ ಪಡ್ಡಿನ ಹಂಚು! ಅದೇ ಎರಕದ ಕಬ್ಬಿಣ, ಅದೇ ಗುಳಿಗಳು, ಕಡ್ಡಿಯಿಂದ ತಿರುವಿ ಹಾಕುವ ಅದೇ ಕೈಚಳಕ. ಹೆಸರಿನಲ್ಲಿ ಸೇಬಿದೆ, ಈಗಿನವುಗಳ ಒಳಗೆ ಸೇಬಿಲ್ಲ. ಸಕ್ಕರೆ ಪುಡಿ ಮತ್ತು ಹಣ್ಣಿನ ಜಾಮಿನೊಂದಿಗೆ ಕೊಡುತ್ತಾರೆ. ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ, ತಿನ್ನದವರು ಗಮನಿಸಿ. ಬಳ್ಳಾರಿಯ ಪ್ರಾಣಿ ಮೊದಲನೆಯದನ್ನು ಬಾಯಿಗೆ ಹಾಕಿಕೊಂಡು 'ಚಟ್ನಿ ಎಲ್ಲಿ?' ಎಂದು ಕೇಳಿತು.

ಹಗಲಿಗೆ ಹೆಚ್ಚು ಯೋಜನೆ ಬೇಡ. ತಿವೊಲಿಯ ಹಿಂಬದಿಯ ಗ್ಲಿಪ್ಟೊಟೆಕ್ ಸಂಗ್ರಹಾಲಯದ ನಡುವೆ ಗಾಜಿನ ಗುಮ್ಮಟದ ಕೆಳಗೆ ತಾಳೆಮರಗಳ ತೋಟವಿದೆ. ಹೊರಗೆ ಎರಡು ಡಿಗ್ರಿ ಮಳೆ ಹನಿಯುವಾಗ ಒಳಗೆ ತಾಳೆ ಎಲೆಗಳ ಕೆಳಗೆ ಕಾಫಿ ಕುಡಿಯುವ ಸುಖ ಬೇರೆ ಎರಡು ಊರುಗಳಲ್ಲಿ ನಮಗೆ ಸಿಗಲಿಲ್ಲ. ಸೋಮವಾರ ಅದು ಮುಚ್ಚಿರುತ್ತದೆ. 1642ರಲ್ಲಿ ಕಟ್ಟಿ ಮುಗಿಸಿದ ದುಂಡು ಗೋಪುರವನ್ನೂ ಹತ್ತಬಹುದು. ತುದಿಯ ಕೆಲವು ಮೆಟ್ಟಿಲು ಬಿಟ್ಟರೆ ಒಳಗೆಲ್ಲ ಸುರುಳಿ ಇಳಿಜಾರು. 1716ರಲ್ಲಿ ರಷ್ಯದ ಪೀಟರ್ ದೊರೆ ಅದರ ಮೇಲೆ ಕುದುರೆ ಏರಿಕೊಂಡೇ ಹೋದನಂತೆ. ಪುಟ್ಟ ಮತ್ಸ್ಯಕನ್ಯೆಯ ಪ್ರತಿಮೆಯನ್ನು ಬಿಟ್ಟುಬಿಡಿ ಎಂದು ಧೈರ್ಯವಾಗಿ ಹೇಳುತ್ತೇನೆ. ಅದರ ಎತ್ತರ 1.25 ಮೀಟರ್, ಸಮುದ್ರದ ಗಾಳಿಯಲ್ಲಿ ಅರ್ಧ ಗಂಟೆ ನಡೆದು ಹೋಗುವಷ್ಟು ಋಣ ನಮಗೆ ಅದರ ಜೊತೆ ಇಲ್ಲ.

ಕೊರತೆ? ಹಿಮ. ಚಳಿಗಾಲದ ಉಷ್ಣಾಂಶ ಹೆಚ್ಚಾಗಿ ಸೊನ್ನೆಯ ಮೇಲೇ ಇರುವುದರಿಂದ ಬೀಳುವುದು ಮಳೆ. ಅದರ ಜೊತೆಗೆ ಮೂಳೆಗೆ ಇಳಿಯುವ ಒದ್ದೆ ಗಾಳಿ. ಥರ್ಮಾಮೀಟರ್ ಓಸ್ಲೊಗಿಂತ ಐದು ಡಿಗ್ರಿ ಹೆಚ್ಚು ತೋರಿಸಿದರೂ ನನಗೆ ಇಲ್ಲೇ ಹೆಚ್ಚು ಚಳಿಯಾಯಿತು. ಹಿಮದ ಫೋಟೊಗಾಗಿ ಹೊರಟವರು ಇಲ್ಲಿಗೆ ಬಂದು ಮುಖ ಸಪ್ಪೆ ಮಾಡಿಕೊಳ್ಳಬೇಡಿ.

ಸ್ಟಾಕ್‌ಹೋಮ್: ಚೆಲುವೆ, ಆದರೆ ಎರಡು ರಾತ್ರಿಗೆ ಸಿಗುವವಳಲ್ಲ

ಮೂರರಲ್ಲಿ ಅತಿ ಸುಂದರ ಊರು ಇದೇ; ಇದರಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಹದಿನಾಲ್ಕು ದ್ವೀಪಗಳ ಮೇಲೆ ಹರಡಿದ ಊರು. ಚಳಿಗಾಲದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ದ್ವೀಪಗಳಲ್ಲ, ಕಿಟಕಿಗಳು. ಕ್ರಿಸ್‌ಮಸ್‌ಗೆ ನಾಲ್ಕು ವಾರ ಮುಂಚಿನಿಂದ ಹೆಚ್ಚುಕಡಿಮೆ ಪ್ರತಿಯೊಂದು ಮನೆ, ಕಚೇರಿ, ಆಸ್ಪತ್ರೆಯ ಕಿಟಕಿಯಲ್ಲೂ ಏಳು ದೀಪಗಳ ತ್ರಿಕೋನ ದೀಪಸ್ತಂಭ, ಇಲ್ಲವೇ ಒಳಗೆ ಬಲ್ಬು ಇಟ್ಟ ಕಾಗದದ ನಕ್ಷತ್ರ. ದೀಪಾವಳಿಯ ಆಕಾಶಬುಟ್ಟಿಯನ್ನು ಹೊರಗೆ ತೂಗುಹಾಕುವ ಬದಲು ಗಾಜಿನ ಒಳಗೆ ಇಟ್ಟಂತೆ. ಯಾರೂ ಟಿಕೆಟ್ ಕೇಳದ ಈ ಪ್ರದರ್ಶನ ಮೂರು ಗಂಟೆಗೇ ಶುರುವಾಗುತ್ತದೆ. ಸೊಡರ್‌ಮಾಲ್ಮ್ ದ್ವೀಪದ ಗುಡ್ಡದಂಚಿನಲ್ಲಿ ಮೊಂಟೆಲಿಯಸ್‌ವೇಗನ್ ಎಂಬ ಕಾಲುದಾರಿ ಇದೆ. ಎರಡೂವರೆಗೆ ಅಲ್ಲಿ ಹೋಗಿ ನಿಂತರೆ ಸೂರ್ಯ ಮುಳುಗುವುದೂ ಕೆಳಗಿನ ಊರು ಒಂದೊಂದೇ ಕಿಟಕಿಯಾಗಿ ಹೊತ್ತಿಕೊಳ್ಳುವುದೂ ಒಟ್ಟಿಗೆ ಕಾಣುತ್ತದೆ.

ಹಳೆಯ ಊರಾದ ಗಮ್ಲಾ ಸ್ತಾನ್‌ನ ಸ್ಟೂರ್‌ಟೊರಿಯೆಟ್ ಚೌಕದಲ್ಲಿ ಸಂತೆ ಕೂಡುತ್ತದೆ. ಚಿಕ್ಕದು, ಚಂದದ್ದು, ಇಪ್ಪತ್ತು ನಿಮಿಷಕ್ಕೆ ಮುಗಿಯುವಂಥದ್ದು. ನನಗೆ ಹೆಚ್ಚು ಹಿಡಿಸಿದ್ದು ಸ್ಕಾನ್ಸೆನ್ ಬಯಲು ವಸ್ತುಸಂಗ್ರಹಾಲಯದ ಸಂತೆ. 1903ರಿಂದ ನಡೆದುಬಂದಿದೆ, ವಾರಾಂತ್ಯಗಳಲ್ಲಿ ಕೂಡುತ್ತದೆ. ಸ್ಕಾನ್ಸೆನ್ ಇರುವ ಯೂರ್ಗೋರ್ಡನ್ ದ್ವೀಪದಲ್ಲೇ ವಾಸಾ ಹಡಗೂ ಇದೆ. 1628ರ ಆಗಸ್ಟ್ 10ರಂದು ಮೊದಲ ಯಾನ ಹೊರಟು ಸುಮಾರು 1,300 ಮೀಟರ್ ಸಾಗಿ ಊರ ಜನರ ಕಣ್ಣೆದುರೇ ಮುಳುಗಿದ ಯುದ್ಧನೌಕೆ ಅದು. ಮೇಲ್ಭಾಗ ಭಾರವಾಗಿತ್ತು. 333 ವರ್ಷ ನೀರಿನಡಿ ಇದ್ದು 1961ರಲ್ಲಿ ಮೇಲೆ ಬಂತು. ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆ, ಮರ ಕೊರೆಯುವ ಹುಳು ಬದುಕುವುದಿಲ್ಲ. ಆದ್ದರಿಂದ ಕೆತ್ತನೆ ಸಮೇತ ಉಳಿದಿದೆ. ಮಂದ ಬೆಳಕಿನ ಆ ಸಭಾಂಗಣದಲ್ಲಿ ಹಡಗಿನ ಎದುರು ನಿಂತಾಗ ಇಬ್ಬರಿಗೂ ಮಾತು ಹೊರಡಲಿಲ್ಲ. ಆದರೆ ಚಳಿಗಾಲದಲ್ಲಿ ಬುಧವಾರವೊಂದನ್ನು ಬಿಟ್ಟು ಸಂಜೆ ಐದಕ್ಕೇ ಬಾಗಿಲು ಹಾಕುತ್ತಾರೆ. ಇದೇ ಸ್ಟಾಕ್‌ಹೋಮ್‌ನ ಕಷ್ಟ: ಒಳ್ಳೆಯದೆಲ್ಲ ಹಗಲಿಗೇ ಇದೆ, ಹಗಲೇ ಇಲ್ಲ. ಸಂಜೆಗೆ ಫೋಟೊಗ್ರಾಫಿಸ್ಕಾ ಒಂದು ಆಸರೆ. ಹಳೆಯ ಸುಂಕದ ಕಟ್ಟಡದಲ್ಲಿರುವ ಈ ಛಾಯಾಚಿತ್ರ ಸಂಗ್ರಹಾಲಯ ರಾತ್ರಿ ತಡವಾಗಿ ಮುಚ್ಚುತ್ತದೆ, ಮೇಲಿನ ಮಹಡಿಯ ಕಿಟಕಿಯಿಂದ ನೀರಿನಾಚೆಯ ದೀಪಗಳು ಕಾಣುತ್ತವೆ. ಮಳೆ ಬಂದರೆ ಸುರಂಗ ರೈಲಿನ ಟಿಕೆಟ್ ತೆಗೆದುಕೊಳ್ಳಿ. ಅದು 75 ನಿಮಿಷ ನಡೆಯುತ್ತದೆ. ನೂರು ನಿಲ್ದಾಣಗಳಲ್ಲಿ ತೊಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಚಿತ್ರ, ಶಿಲ್ಪ ಇವೆ. ಬಂಡೆ ಕೊರೆದ ಗುಹೆಗಳ ಮೇಲೇ ಬಣ್ಣ ಬಳಿದಿದ್ದಾರೆ.

ಬೆಂಗಳೂರಿನವರಿಗೆ ಇಲ್ಲೊಂದು ನಿಜವಾದ ನಂಟಿದೆ. ಹೋಟೊರಿಯೆಟ್ ಚೌಕದ ನೀಲಿ ಸಂಗೀತ ಭವನದಲ್ಲಿ 1930ರ ಡಿಸೆಂಬರ್ 10ರಂದು ಸಿ. ವಿ. ರಾಮನ್ ಭೌತವಿಜ್ಞಾನದ ನೊಬೆಲ್ ಸ್ವೀಕರಿಸಿದರು. 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೊನೆಯವರೆಗೂ ಬೆಂಗಳೂರಿನವರಾಗಿ ಉಳಿದರು. ನೊಬೆಲ್ ಔತಣ ನಡೆಯುವ ನಗರಸಭಾ ಭವನದ 'ನೀಲಿ ಸಭಾಂಗಣ' ಮಾತ್ರ ನೀಲಿ ಅಲ್ಲ, ಕೆಂಪು ಇಟ್ಟಿಗೆಯದು. ನೀಲಿ ಬಳಿಯಬೇಕೆಂದಿದ್ದ ವಾಸ್ತುಶಿಲ್ಪಿ ಇಟ್ಟಿಗೆಯ ಚಂದ ನೋಡಿ ಮನಸ್ಸು ಬದಲಿಸಿದ, ಹೆಸರು ಹಾಗೇ ಉಳಿಯಿತು. ಡಿಸೆಂಬರ್ 10ರ ಆಸುಪಾಸಿನಲ್ಲಿ ಹೋಟೆಲ್ ದರ ಏರುತ್ತದೆ. 13ರಂದು ಲೂಸಿಯಾ ಹಬ್ಬ: ತಲೆಯ ಮೇಲೆ ಮೇಣದಬತ್ತಿಯ ಕಿರೀಟ ಹೊತ್ತ ಹುಡುಗಿ, ಹಿಂದೆ ಬಿಳಿ ಉಡುಪಿನ ಹಾಡುಗಾರರ ಸಾಲು, ಕೇಸರಿ ಹಾಕಿದ ಬನ್ನು.

ಈಗ ನಮ್ಮ ಮೂರ್ಖತನದ ಕತೆ. ಅಗ್ಗದ ಟಿಕೆಟ್ ಸಿಕ್ಕಿತೆಂದು ಹಿಗ್ಗಿ ಕೊಂಡೆವು. ವಿಮಾನ ಇಳಿದದ್ದು ಸ್ಕಾವ್‌ಸ್ಟಾ ಎಂಬಲ್ಲಿ. ಅದು ಸ್ಟಾಕ್‌ಹೋಮ್‌ನಿಂದ ಸುಮಾರು 100 ಕಿಲೋಮೀಟರ್ ದೂರ. ಬಸ್ಸಿಗೆ ಕಾದು, ಕುಳಿತು, ತೂಕಡಿಸಿ, ಕೋಣೆ ಸೇರಿದಾಗ ಶನಿವಾರ ಆಗಿತ್ತು. ಓಸ್ಲೊದ ಹೆಸರಿನಲ್ಲಿ ಮಾರುವ ಟೋರ್ಪ್ ನಿಲ್ದಾಣದ್ದೂ ಇದೇ ಕತೆ, ನೂರಕ್ಕೂ ಹೆಚ್ಚು ಕಿಲೋಮೀಟರ್. ಆರ್ಲಾಂಡಾ ಎಂದಿದ್ದರೆ ಮಾತ್ರ ಸ್ಟಾಕ್‌ಹೋಮ್, ಗಾರ್ಡರ್‌ಮೂನ್ ಎಂದಿದ್ದರೆ ಮಾತ್ರ ಓಸ್ಲೊ ಎಂದು ತಿಳಿಯಿರಿ. ಆರ್ಲಾಂಡಾದಿಂದ ವೇಗದ ರೈಲು ಇಪ್ಪತ್ತು ನಿಮಿಷದೊಳಗೆ ಊರು ಮುಟ್ಟಿಸುತ್ತದೆ, ಜೇಬನ್ನೂ ಮುಟ್ಟುತ್ತದೆ. ಲೋಕಲ್ ರೈಲು ಸುಮಾರು ನಲವತ್ತು ನಿಮಿಷ.

ನನ್ನ ತೀರ್ಮಾನ: ಮೂರು ರಾತ್ರಿ ಇದ್ದರೆ ಸ್ಟಾಕ್‌ಹೋಮ್. ಎರಡೇ ಇದ್ದರೆ ಆಸೆ ಹುಟ್ಟಿಸಿ ಕಳಿಸಿಬಿಡುತ್ತದೆ.

ಓಸ್ಲೊ: ಹಿಮ ಬೇಕು ಎಂದರೆ ಬೇರೆ ಮಾತಿಲ್ಲ

ಓಸ್ಲೊವನ್ನು ಬಹಳ ಜನ ಮೂರನೆಯ ಸ್ಥಾನಕ್ಕೆ ತಳ್ಳುತ್ತಾರೆ. ಬೇಸಿಗೆಯಲ್ಲಿ ಸರಿ ಇರಬಹುದು. ಚಳಿಗಾಲದಲ್ಲಿ ಅದಕ್ಕೊಂದು ತುರುಪು ಎಲೆ ಇದೆ: ಸುರಂಗ ರೈಲಿನ ಒಂದನೆಯ ಮಾರ್ಗ. ಪೇಟೆಯ ನಡುವೆ ಹತ್ತಿ ಅರ್ಧ ಗಂಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತರೆ ಕೊನೆಯ ನಿಲ್ದಾಣ ಫ್ರೊಗ್ನರ್‌ಸೇಟರೆನ್, ಸಮುದ್ರಮಟ್ಟದಿಂದ 400 ಮೀಟರ್‌ಗೂ ಮೇಲೆ. ಕೆಳಗೆ ಕೆಸರು ಮಳೆ, ಮೇಲೆ ಸ್ಪ್ರೂಸ್ ಕಾಡಿನ ತುಂಬ ಹಿಮ. ಅಲ್ಲಿ ಜಾರುಬಂಡಿ ಬಾಡಿಗೆಗೆ ಸಿಗುತ್ತದೆ. ಕೊರ್ಕೆಟ್ರೆಕ್ಕೆರೆನ್, ಎಂದರೆ ಬಿರಡೆ ತೆಗೆಯುವ ತಿರುಪು, ಎಂಬ ಸುಮಾರು 2,000 ಮೀಟರ್ ಉದ್ದದ ಇಳಿಜಾರಿನಲ್ಲಿ ತಿರುಗಿ ತಿರುಗಿ ಜಾರಿ ಮಿಡ್‌ಸ್ಟುಯೆನ್ ನಿಲ್ದಾಣಕ್ಕೆ ಬಂದು ಬೀಳುತ್ತೀರಿ. ಬಂಡಿ ಕಂಕುಳಲ್ಲಿ ಇಟ್ಟುಕೊಂಡು ಅದೇ ರೈಲು ಹತ್ತಿ ಮತ್ತೆ ಮೇಲೆ. ಚಳಿ ಎಂದರೆ ಮುದುಡುವ ನನ್ನ ಗಂಡ ಐದು ಸಲ ಜಾರಿದ. ಆರನೆಯ ಸಲ ನಾನು ಬೇಡವೆಂದೆ.

ಒಂದು ಎಚ್ಚರಿಕೆ: ಹಿಮ ಸಾಕಷ್ಟು ಬಿದ್ದಿದ್ದರೆ ಮಾತ್ರ ಈ ಆಟ. ಡಿಸೆಂಬರ್ ಆರಂಭದಲ್ಲಿ ಇಲ್ಲದೆಯೂ ಇರಬಹುದು, ಜನವರಿ ಫೆಬ್ರವರಿ ಹೆಚ್ಚು ನಂಬಿಕೆಯ ತಿಂಗಳುಗಳು. ಪಕ್ಕದ ಮರದ ಹಳೆಯ ಹೋಟೆಲಿನಲ್ಲಿ ಸೇಬಿನ ಕೇಕು ತಿನ್ನದೆ ಇಳಿಯಬೇಡಿ.

ಸಂಜೆಗೆ ಓಸ್ಲೊ ಕೊಡುವುದು ಸೌನಾ, ಎಂದರೆ ಬೆವರಿಳಿಸುವ ಬಿಸಿ ಕೋಣೆ. ಒಪೆರಾ ಭವನದ ಸುತ್ತಮುತ್ತ ಫ್ಯೋರ್ಡ್ ಎಂಬ, ನೆಲದೊಳಕ್ಕೆ ಚಾಚಿದ ಕಡಲ ತೋಳಿನ ನೀರಿನ ಮೇಲೆ ತೇಲುವ ಮರದ ಕೋಣೆಗಳಿವೆ. ಒಳಗೆ ಎಂಬತ್ತು ಡಿಗ್ರಿಯ ಆಸುಪಾಸು, ಕಿಟಕಿಯಾಚೆ ಕಪ್ಪು ನೀರು, ಏಣಿ ಇಳಿದರೆ ಮೂರ್ನಾಲ್ಕು ಡಿಗ್ರಿ. ಈಜುಡುಗೆ ತೊಟ್ಟೇ ಹೋಗುವ ಜಾಗಗಳಿವು, ಸಂಕೋಚ ಬೇಡ. ಅಪರಿಚಿತರೊಡನೆ ಕೂರಲು ಮನಸ್ಸಿಲ್ಲದ ಜೋಡಿಗಳು ಇಡೀ ಕೋಣೆಯನ್ನು ಕಾಯ್ದಿರಿಸಬಹುದು, ದುಬಾರಿ. ಬಳ್ಳಾರಿಯ ಮೇ ತಿಂಗಳು ಕೊನೆಗೂ ಸಿಕ್ಕಿತು ಎಂದು ಗಂಡ ಒಲೆಯ ಪಕ್ಕದ ಜಾಗ ಬಿಟ್ಟು ಕದಲಲಿಲ್ಲ. ನೀರಿಗೆ ಇಳಿದವಳು ನಾನು. ಹೊರಬಂದ ಮೇಲೆ ಒಂದು ಗಂಟೆ ಚಳಿಯೇ ಆಗಲಿಲ್ಲ.

ಉಳಿದದ್ದನ್ನು ಬೇಗ ಹೇಳುತ್ತೇನೆ. 2008ರಲ್ಲಿ ತೆರೆದ ಒಪೆರಾ ಭವನದ ಅಮೃತಶಿಲೆಯ ಚಾವಣಿಯ ಮೇಲೆ ನಡೆಯಬಹುದು, ಮಂಜು ಹೆಪ್ಪುಗಟ್ಟಿದ್ದರೆ ಜಾರುತ್ತದೆ. ಎದುರಿಗೆ 2021ರ ಮುಂಕ್ ಸಂಗ್ರಹಾಲಯ. ಚಿತ್ರಕಾರ ಮುಂಕ್‌ನ ಹೆಸರಾಂತ ಚಿತ್ರ 'ಚೀತ್ಕಾರ'ದ ಮೂರು ಆವೃತ್ತಿಗಳು ಅಲ್ಲಿವೆ. ಬೆಳಕಿಗೆ ಹಾಳಾಗದಂತೆ ಒಂದು ಸಲಕ್ಕೆ ಒಂದನ್ನೇ ತೆರೆದಿಡುತ್ತಾರೆ, ಉಳಿದೆರಡು ಮುಚ್ಚಿರುತ್ತವೆ. ವಾರದ ಕೆಲವು ದಿನ ರಾತ್ರಿಯವರೆಗೂ ತೆರೆದಿರುವುದರಿಂದ ಕತ್ತಲಿಗೆ ಹೇಳಿ ಮಾಡಿಸಿದ್ದು. ವಿಗೆಲಾಂಡ್‌ನ 200ಕ್ಕೂ ಹೆಚ್ಚು ಶಿಲ್ಪಗಳ ಉದ್ಯಾನಕ್ಕೆ ಶುಲ್ಕವಿಲ್ಲ. ಹಿಮದ ಟೋಪಿ ಹಾಕಿಕೊಂಡ ಕಂಚಿನ ಬೆತ್ತಲೆ ಮನುಷ್ಯರನ್ನು ನೋಡಿ ನಮಗೇ ಚಳಿಯಾಯಿತು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಕ್ರಿಸ್‌ಮಸ್‌ಗೆ ಮುಂಚಿನ ಕೆಲವು ಭಾನುವಾರಗಳು ಮಾತ್ರ ಅಪವಾದ. ಖರೀದಿ ಇಷ್ಟಪಡುವವರು ಶನಿವಾರವೇ ಮುಗಿಸಿ. ಊಟ, ಪಾನ ಎರಡರಲ್ಲೂ ಮೂರು ಊರುಗಳಲ್ಲಿ ನಮಗೆ ಹೆಚ್ಚು ಕೈ ಕಚ್ಚಿದ್ದು ಇದೇ.

'ಉತ್ತರ ಧ್ರುವದ ಬೆಳಕು ಕಾಣುತ್ತದಾ?'

ಊರಿನಿಂದ ಫೋನ್ ಮಾಡಿದವರೆಲ್ಲ ಕೇಳುವ ಪ್ರಶ್ನೆ. ಈ ಮೂರು ರಾಜಧಾನಿಗಳಲ್ಲಿ ಅದನ್ನು ನೆಚ್ಚಿಕೊಂಡು ಹೋಗಬೇಡಿ. ಅದಕ್ಕೆ ನಾರ್ವೆಯ ಟ್ರೊಮ್ಸೊಗೆ ಹೋಗಬೇಕು; ಆರ್ಕ್ಟಿಕ್ ವೃತ್ತದಿಂದಲೂ ಸುಮಾರು 350 ಕಿಲೋಮೀಟರ್ ಉತ್ತರಕ್ಕೆ. ನವೆಂಬರ್ ಕೊನೆಯಿಂದ ಜನವರಿ ನಡುವಿನವರೆಗೆ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ. ನಡುಮಧ್ಯಾಹ್ನದ ಆಸುಪಾಸಿನಲ್ಲಿ ಕೆಲವು ಗಂಟೆ ನೀಲಿ ಮುಸ್ಸಂಜೆ ಇರುತ್ತದೆ, ಅಷ್ಟೆ. ಆಕಾಶ ತಿಳಿಯಾಗಿದ್ದರೆ ಮಾತ್ರ ಬೆಳಕು ಕಾಣುವುದು, ಕಡಲ ತೀರದ ಮೋಡ ಯಾರ ಮಾತೂ ಕೇಳುವುದಿಲ್ಲ. ಎರಡು ರಾತ್ರಿ ಇಟ್ಟುಕೊಂಡು ಹೋಗುವುದು ಜೂಜು. ನಾಲ್ಕೈದು ರಾತ್ರಿ ಇದ್ದರೆ ಹೋಗಿ.

ಇನ್ನು ನಾರ್ವೆಯದೇ ಬರ್ಗನ್ ಚಂದದ ಊರು, ವರ್ಷಕ್ಕೆ ಎರಡು ಮೀಟರ್‌ಗೂ ಮಿಕ್ಕಿ ಮಳೆ. ಶಿರಸಿಯವಳು ಮಳೆ ನೋಡಲು ವಿಮಾನ ಹತ್ತುವುದಿಲ್ಲ.

ಹೊಟ್ಟೆ, ಕಾಗದ, ಬೂಟು

ಸಸ್ಯಾಹಾರಿಗಳಿಗೆ ಮೂರರಲ್ಲಿ ಕೋಪನ್‌ಹೇಗನ್ ಸುಲಭ. ನೊರೆಬ್ರೊ ಬಡಾವಣೆಯ ತುಂಬ ಕಡಲೆಯ ವಡೆಯಂಥ ಫಲಾಫೆಲ್ ಮಾರುವ ಅಂಗಡಿಗಳಿವೆ. ಕ್ರಿಸ್‌ಮಸ್ ಹೊತ್ತಿನ ರಿಸಲಮಾಂಡ್ ಎಂಬುದು ಕೆನೆ ಬೆರೆಸಿದ ತಣ್ಣನೆಯ ಅನ್ನದ ಪಾಯಸ, ಮೇಲೆ ಬಿಸಿ ಚೆರ್ರಿ ರಸ. ಮನೆಗಳಲ್ಲಿ ಅದರೊಳಗೆ ಒಂದು ಇಡೀ ಬಾದಾಮಿ ಅಡಗಿಸುತ್ತಾರೆ, ಸಿಕ್ಕವರಿಗೆ ಉಡುಗೊರೆ. ಸ್ವೀಡನ್ನಿನ ಯೂಲ್‌ಬೂರ್ಡ್ ಹಬ್ಬದೂಟ ಮೀನು ಮಾಂಸದ ಮೆರವಣಿಗೆ. ಸಸ್ಯಾಹಾರಿ ಅಷ್ಟು ದುಡ್ಡು ಕೊಟ್ಟು ಆಲೂಗಡ್ಡೆ ತಿನ್ನಬೇಕಾದೀತು. ಬದಲಿಗೆ ಏಲಕ್ಕಿ ಬನ್ನು ತಿನ್ನಿ, ಸಕಲೇಶಪುರದ ಏಲಕ್ಕಿ ಡಬ್ಬಿ ತೆರೆದ ಹಾಗೆ ಘಮಘಮಿಸುತ್ತದೆ. ನಾರ್ವೆಯ ಕಂದು ಚೀಸ್ ಹಾಲಿನ ತಿಳಿಯನ್ನು ಸಕ್ಕರೆ ಅಂಶ ಕೆಂಪಾಗುವವರೆಗೆ ಕಾಯಿಸಿ ಮಾಡಿದ್ದು. ಧಾರವಾಡ ಪೇಡೆಗೆ ಚಿಟಿಕೆ ಉಪ್ಪು ಹಾಕಿದ ಹಾಗೆ. ಅದನ್ನು ಬಿಸಿ ವಾಫಲ್ ಮೇಲೆ ಹಾಕಿಸಿಕೊಳ್ಳಿ.

ಮೂರೂ ಒಂದೇ ವೀಸಾ ನಡೆಯುವ ಷೆಂಗೆನ್ ಗುಂಪಿನ ದೇಶಗಳು. ಜರ್ಮನಿ, ನೆದರ್‌ಲ್ಯಾಂಡ್ಸ್‌ನಂಥ ದೇಶಗಳ ವಾಸದ ಪರವಾನಗಿ ಇದ್ದವರಿಗೆ ಬೇರೆ ವೀಸಾ ಬೇಡ. ಬ್ರಿಟನ್ನಿನಲ್ಲಿರುವ ಭಾರತದ ಪಾಸ್‌ಪೋರ್ಟಿನವರಿಗೆ ಬೇಕು, ತಿಂಗಳುಗಳ ಮೊದಲೇ ಅರ್ಜಿ ಹಾಕಿ. ಬೆಂಗಳೂರಿನಿಂದ ದೊಡ್ಡ ಯುರೋಪ್ ಪ್ರವಾಸಕ್ಕೆ ಬರುವವರು ಹೆಚ್ಚು ರಾತ್ರಿ ಕಳೆಯುವ ದೇಶಕ್ಕೆ ಅರ್ಜಿ ಸಲ್ಲಿಸಬೇಕು. ಕೋಪನ್‌ಹೇಗನ್‌ನಿಂದ ಸೇತುವೆ ದಾಟಿ ಸ್ವೀಡನ್ನಿನ ಮಾಲ್ಮೊಗೆ ರೈಲಿನಲ್ಲಿ ನಲವತ್ತು ನಿಮಿಷ. ಪಾಸ್‌ಪೋರ್ಟ್ ಜೊತೆಗಿರಲಿ, ತಪಾಸಣೆ ಇರಬಹುದು. ಕ್ರೋನ ಎಂಬ ಹೆಸರು ಒಂದೇ, ನಾಣ್ಯಗಳು ಮೂರು. ಆದರೆ ನೋಟು ಮುಟ್ಟುವ ಪ್ರಮೇಯವೇ ಬರುವುದಿಲ್ಲ, ಎಲ್ಲ ಕಡೆ ಕಾರ್ಡು ನಡೆಯುತ್ತದೆ. ಸ್ವೀಡನ್ನಿನ ಎಷ್ಟೋ ಅಂಗಡಿಗಳು ನಗದನ್ನು ಬೇಡವೆನ್ನುತ್ತವೆ.

ಒಳಗೆ ಉಣ್ಣೆ, ಹೊರಗೆ ಗಾಳಿ ತಡೆಯುವ ಕೋಟು. ಜೀನ್ಸ್ ಒದ್ದೆಯಾದರೆ ಒಣಗುವುದಿಲ್ಲ. ಸ್ಟಾಕ್‌ಹೋಮ್, ಓಸ್ಲೊಗಳಲ್ಲಿ ಬೂಟಿನ ಅಡಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಔಷಧದಂಗಡಿ, ದಿನಸಿ ಅಂಗಡಿಗಳಲ್ಲೇ ಸಿಗುತ್ತದೆ. ಅದನ್ನು ಹಾಕಿಕೊಳ್ಳುವುದು ಮುದುಕರ ಲಕ್ಷಣ ಎಂದುಕೊಂಡವಳು ನಾನು. ಓಸ್ಲೊದ ಕರ್ಲ್ ಯೊಹಾನ್ ಬೀದಿಯಲ್ಲಿ ಎರಡು ಸಲ ಬಿದ್ದ ಮೇಲೆ ಕೊಂಡೆ.

ಹಾಗಾದರೆ?

ಒಬ್ಬರಿಗೆ ಚಳಿ ಆಗದು, ಇಬ್ಬರಿಗೂ ತಿರುಗುವುದಕ್ಕಿಂತ ಕೂತು ಮಾತಾಡುವುದು ಇಷ್ಟ, ಸಿಗುವುದು ಎರಡೇ ರಾತ್ರಿ: ಕೋಪನ್‌ಹೇಗನ್, ಡಿಸೆಂಬರ್ ಮೊದಲೆರಡು ವಾರ. ಕೈಕಾಲು ಆಡಿಸದಿದ್ದರೆ ಒಬ್ಬರ ಮೇಲೊಬ್ಬರು ರೇಗುವ ಜೋಡಿಗೆ ಫೆಬ್ರವರಿಯ ಓಸ್ಲೊ. ಸೋಮವಾರವೂ ರಜೆ ಹಾಕಲು ಸಾಧ್ಯವಿರುವವರಿಗೆ, ಇತಿಹಾಸದ ಹುಚ್ಚಿರುವವರಿಗೆ ಸ್ಟಾಕ್‌ಹೋಮ್.

ನಮ್ಮ ಮನೆಯಲ್ಲಿ ಮುಂದಿನ ಜಗಳ ಶುರುವಾಗಿದೆ. ಅವನಿಗೆ ಮತ್ತೆ ಸೌನಾದ ಒಲೆ ಬೇಕಂತೆ. 2026ರಲ್ಲಿ ಡಿಸೆಂಬರ್ 13 ಭಾನುವಾರ ಬೀಳುತ್ತದೆ, ಲೂಸಿಯಾ ಹಬ್ಬಕ್ಕೆ ಸ್ಟಾಕ್‌ಹೋಮ್‌ನಲ್ಲಿರಬೇಕು ಎನ್ನುವುದು ನನ್ನ ಹಟ. ನಿನ್ನೆ ರಾತ್ರಿ ಅವನು ಸದ್ದಿಲ್ಲದೆ ಒಂದು ಅಗ್ಗದ ಟಿಕೆಟ್ ತೋರಿಸಿದ. ನಾನು ಮೊದಲು ನೋಡಿದ್ದು ದರವನ್ನಲ್ಲ, ಇಳಿಯುವ ನಿಲ್ದಾಣದ ಹೆಸರನ್ನು.